ಫಿನ್ಲೆಂಡಿಗೆ ಹೋಗಿ ಬಂದ ಅಳತೆ ಬ್ಲೌಸು

ಹೊಸದುರ್ಗ

ಫಾರಿನ್ನಿಗೆ ಹೊರಟವರ ಬ್ಯಾಗಿನಲ್ಲಿ ಅವರ ಸಾಮಾನಿಗಿಂತ ಊರವರು ಕೊಟ್ಟ ಸಾಮಾನೇ ಜಾಸ್ತಿ ಇರುತ್ತದೆ. ನನ್ನದರಲ್ಲಿ ಪಕ್ಕದ ಮನೆಯವರ ಶೇಂಗಾ ಚಟ್ನಿಪುಡಿ, ನಮ್ಮ ಹೆಡ್‌ಮಾಸ್ತರರ ಹೆಂಡತಿ ಕೊಟ್ಟ ವಿಭೂತಿ ಗಟ್ಟಿ, ಮಗಳು ತುರುಕಿದ ನೋವಿನ ಮುಲಾಮು ಎಲ್ಲ ಇದ್ದವು. ನಮ್ಮಕ್ಕ ಕೊಟ್ಟದ್ದು ಮಾತ್ರ ಒಂದು ಬ್ಲೌಸು.

ನಾನು ಹೊಳಲ್ಕೆರೆಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರು. ಐವತ್ತು ದಾಟಿದ ಮೇಲೂ ಎಂಟುನೂರು ಮೀಟರ್ ಓಡುವ ಹುಚ್ಚು ಬಿಟ್ಟಿಲ್ಲ. ನನ್ನಂಥ ಹುಚ್ಚರಿಗೆಂದೇ ವಯಸ್ಸಾದವರ ಕ್ರೀಡಾಕೂಟಗಳು ನಡೆಯುತ್ತವೆ. ಅಲ್ಲಿ ಇಲ್ಲಿ ಓಡುತ್ತಾ, ಕೆಲವು ಸಲ ಎದುರಾಳಿಯ ಮೊಣಕಾಲು ನೋವಿನ ಪುಣ್ಯದಿಂದ ಗೆಲ್ಲುತ್ತಾ, ಫಿನ್ಲೆಂಡಿನ ಕೂಟದವರೆಗೂ ಬಂದಿದ್ದೆ. ಹೊರಡುವ ಮುಂಚೆ ಅಕ್ಕನಿಗೆ ಹೇಳಿ ಬರೋಣ ಅಂತ ಹೊಸದುರ್ಗಕ್ಕೆ ಹೋದೆ. ಶಾಂತಕ್ಕ ನನಗಿಂತ ಆರು ವರ್ಷ ದೊಡ್ಡವಳು, ಅವ್ವ ಹೊಲಕ್ಕೆ ಹೋದಾಗ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು.

ಅಡುಗೆ ಮನೆಯಲ್ಲಿ ಯಾರೂ ಇಲ್ಲದ್ದು ನೋಡಿ ಪ್ಲಾಸ್ಟಿಕ್ ಕವರು ಸುತ್ತಿದ ಒಂದು ಗಂಟು ಕೈಗಿಟ್ಟಳು.

“ಇದನ್ನ ಕೈಚೀಲದಾಗೇ ಇಟ್ಕ. ದೊಡ್ಡ ಪೆಟ್ಟಿಗ್ಯಾಗೆ ಹಾಕಬ್ಯಾಡ, ಕಳ್ದೋದಾತು.”

ಬಿಚ್ಚಿದರೆ ನವಿಲುಬಣ್ಣದ ರೇಷ್ಮೆ ಬ್ಲೌಸು. ಅಂಚಿನ ಜರಿ ಸಹ ಮಾಸಿರಲಿಲ್ಲ.

“ಇದ್ಯಾಕಕ್ಕ ನಂಗೆ?”

“ನಿಂಗಲ್ಲ ಕಣೇ. ಅಲ್ಲಿ ಒಳ್ಳೊಳ್ಳೆ ಬಾಡಿ ಸಿಗ್ತಾವಂತಲ್ಲ, ನಂಗೆರಡು ತಗಂಬಾ. ಇದು ಅಳತೆ ಜಂಪರು.”

ನಮ್ಮ ಕಡೆ ಹೆಂಗಸರ ಮೈಗೆ ಟೇಪು ತಾಗುವುದು ಕಡಿಮೆ. ಟೈಲರಿಗೆ ಹೊಸ ಬಟ್ಟೆಯ ಜೊತೆ ಹಳೆಯದೊಂದು ಬ್ಲೌಸು ಕೊಟ್ಟರೆ ಅಲ್ಲಿಗೆ ಅಳತೆ ಮುಗಿಯಿತು. ನಮ್ಮ ಬದಲಿಗೆ ನಮ್ಮ ಬ್ಲೌಸು ಹೋಗಿ ಅಂಗಡಿಯಲ್ಲಿ ಮಲಗಿ ಅಳೆಸಿಕೊಂಡು ಬರುತ್ತದೆ. ಬಾಡಿ ಅಂದರೆ ಬ್ರಾ, ಅದಕ್ಕೆ ಅಷ್ಟೂ ಇಲ್ಲ. ಚಿತ್ರದುರ್ಗದ ಬಜಾರಿನಲ್ಲಿ ಅಕ್ಕ ಯಾವಾಗಲೂ ಹೋಗುವ ಅಂಗಡಿಯಿದೆ. ಅಲ್ಲಿಯ ಯಜಮಾನರು ಒಂದು ಸಲ ತಲೆಯೆತ್ತಿ ನೋಡಿ ನಂಬರು ಹೇಳುತ್ತಾರೆ, ಹಿಂದಿನಿಂದ ಡಬ್ಬಿ ಬರುತ್ತದೆ, ಪೇಪರಿನಲ್ಲಿ ಸುತ್ತಿಸಿಕೊಂಡು ಸೆರಗಿನಡಿ ಇಟ್ಟುಕೊಂಡು ಅಕ್ಕ ಕಳ್ಳಿಯ ಹಾಗೆ ಹೊರಗೆ ಬರುತ್ತಾಳೆ. ಹಾಕಿ ನೋಡುವುದು, ವಾಪಸ್ ಕೊಡುವುದು ಎಲ್ಲ ಬೇರೆ ಲೋಕದ ಮಾತು.

ಅಕ್ಕನದು ತುಂಬಿದ ಮೈ. ಎರಡೂ ಭುಜದ ಮೇಲೆ ಪಟ್ಟಿ ಕೊರೆದು ಬೆರಳು ಇಳಿಯುವಷ್ಟು ತಗ್ಗು ಬಿದ್ದಿದೆ. ಕುತ್ತಿಗೆಯಿಂದ ಮೊಣಕೈವರೆಗೆ ಜೋಮು. ದುರ್ಗದ ಡಾಕ್ಟರು ಭಾರ ಎತ್ತಬೇಡಿ ಅಂದರಂತೆ. “ಎದೀನ ಎಲ್ಲಿ ಇಳಿಸಿಡ್ಲಿ ಅಂತ ಕೇಳ್ಬೇಕಿತ್ತು,” ಅಂತ ಅಕ್ಕ ನಕ್ಕಿದ್ದಳು. ಫೋನಿನಲ್ಲಿ ತರಿಸೋಣ ಅಂದರೆ ಪಾರ್ಸಲ್ ತರುವವನು ಬೀಗರ ಕಡೆಯವನು, ಅವನ ಕೈಯಿಂದ ಹೆಂಗೆ ಈಸ್ಕಳ್ಳಲಿ ಅನ್ನುತ್ತಾಳೆ. ಹಾಗಾಗಿ ಅಕ್ಕನ ಭುಜದ ನೋವಿನ ಪರಿಹಾರಕ್ಕೆ ಏಳು ಸಮುದ್ರದಾಚೆಗೆ ಹೋಗಬೇಕಾಯಿತು.

ಹೆಲ್ಸಿಂಕಿ

ಅಕ್ಕನ ನಾಲಿಗೆಯ ಮೇಲೆ ಮಚ್ಚೆ ಇರಬೇಕು. ನನ್ನ ದೊಡ್ಡ ಪೆಟ್ಟಿಗೆ ಬರಲೇ ಇಲ್ಲ.

ಏರ್‌ಪೋರ್ಟಿನಲ್ಲಿ ಸಾಮಾನು ಹೊತ್ತು ಸುತ್ತುವ ಆ ಪಟ್ಟಿಯ ಮುಂದೆ ನಾನೂ ಹಿರಿಯೂರಿನ ನಾಗರತ್ನಕ್ಕನೂ ಕೊನೆಯವರೆಗೆ ನಿಂತೆವು. ನಾಗರತ್ನಕ್ಕ ನರ್ಸು, ಗುಂಡೆಸೆತಕ್ಕೆ ಬಂದವರು, ನನ್ನ ಜೊತೆಯಲ್ಲಿದ್ದ ಒಬ್ಬರೇ ಕನ್ನಡದವರು. ಅವರ ಪೆಟ್ಟಿಗೆ ಮೊದಲೇ ಬಂದಿತ್ತು. ಕೌಂಟರಿನಲ್ಲಿದ್ದ ಹುಡುಗಿ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಿಸದೆ, ಪೆಟ್ಟಿಗೆ ಇನ್ನೊಂದು ದೇಶದಲ್ಲಿ ಇಳಿದಿದೆ, ಬಂದಾಗ ಕಳಿಸುತ್ತೇವೆ ಅಂದಳು. ನಮ್ಮ ಬಸ್‌ಸ್ಟ್ಯಾಂಡಿನಲ್ಲಾಗಿದ್ದರೆ ಇಷ್ಟರಲ್ಲಿ ಹತ್ತು ಜನ ಸೇರಿ, ಹತ್ತು ಸಲಹೆ ಕೊಟ್ಟು, ಒಬ್ಬರಾದರೂ ಕಾಫಿ ಕುಡಿಸುತ್ತಿದ್ದರು.

“ಓಡೋ ಬಟ್ಟೆ ಎಲ್ಲ ಅದ್ರಾಗೇ ಅವೇನ್ರಿ?” ಅಂದರು ನಾಗರತ್ನಕ್ಕ.

“ಎಲ್ಲ ಅದ್ರಾಗೇ ಅವೆ.”

“ಕೈಚೀಲದಾಗೆ ಏನೈತೆ?”

“ನಮ್ಮಕ್ಕನ ರೇಷ್ಮೆ ಜಂಪರು.”

ಅವರು ನಕ್ಕದ್ದಕ್ಕೆ ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. ಆ ದೇಶದಲ್ಲಿ ಯಾರಾದರೂ ಜೋರಾಗಿ ನಕ್ಕದ್ದು ನಾನು ಕೇಳಿದ್ದು ಅದೊಂದೇ ಸಲ. ನನಗೆ ನಗು ಬರಲಿಲ್ಲ. ನನ್ನ ಓಟದ ಬಟ್ಟೆಯೆಂದರೆ ಒಂದರ ಮೇಲೊಂದು ಎರಡು ಬಾಡಿ, ಅದರ ಮೇಲೆ ಬಿಗಿಯಾದ ಬನಿಯನ್ನು, ಅದರ ಮೇಲೆ ಟಿ-ಶರ್ಟು. ಇಷ್ಟೂ ಹಾಕಿಕೊಂಡರೆ ಉಸಿರಾಡುವುದಕ್ಕೆ ಕಷ್ಟ, ಆದರೆ ಅದಿಲ್ಲದೆ ನಾನು ಓಡಿದ್ದೇ ಇಲ್ಲ.

ಸರೋವರದ ಊರು

ಕೂಟ ನಡೆಯುತ್ತಿದ್ದ ಊರು ಒಂದು ದೊಡ್ಡ ಸರೋವರದ ಪಕ್ಕದಲ್ಲಿತ್ತು. ಅಲ್ಲಿ ಬೇಸಿಗೆಯಲ್ಲಿ ಸೂರ್ಯ ಮುಳುಗಲು ಮರೆತುಬಿಡುತ್ತಾನೆ. ಮಲಗುವ ಹೊತ್ತಿಗೂ ಕಿಟಕಿಯಲ್ಲಿ ಸಂಜೆ ನಾಲ್ಕರ ಬೆಳಕು. ಬಸ್ಸಿನಲ್ಲಿ ಯಾರೂ ಯಾರ ಪಕ್ಕದಲ್ಲೂ ಕೂರುವುದಿಲ್ಲ. ನಾನು ಅಭ್ಯಾಸಬಲದಿಂದ ಒಬ್ಬ ಅಜ್ಜಿಯ ಪಕ್ಕ ಹೋಗಿ ಕೂತೆ. ಬಸ್ಸಿನ ತುಂಬ ಖಾಲಿ ಸೀಟು ಇರುವಾಗ ಈಕೆಗೆ ನಾನೇ ಯಾಕೆ ಬೇಕಾದೆ ಅನ್ನುವ ಗಾಬರಿ ಆಕೆಯ ಕಣ್ಣಲ್ಲಿತ್ತು. ಆದರೂ ಇಳಿಯುವಾಗ ಚೀಲದಿಂದ ನಮ್ಮಿಬ್ಬರಿಗೂ ಒಂದೊಂದು ಕಪ್ಪು ಮಿಠಾಯಿ ತೆಗೆದು ಕೊಟ್ಟರು. ಅದು ಉಪ್ಪುಪ್ಪು. ನಾಗರತ್ನಕ್ಕ ಉಗಿಯಲು ಜಾಗ ಹುಡುಕುತ್ತಾ ಎರಡು ಬೀದಿ ನಡೆದರು, ಅಷ್ಟು ಸ್ವಚ್ಛವಾದ ಊರು ಅದು.

ಮಾತೇ ಆಡದ ಆ ಜನ ಬಟ್ಟೆ ಬಿಚ್ಚುವುದಕ್ಕೆ ಮಾತ್ರ ಹಿಂದೆ ಮುಂದೆ ನೋಡುವುದಿಲ್ಲ. ನಮ್ಮ ವಸತಿಯಲ್ಲಿ ಸೌನಾ ಅಂತ ಬಿಸಿ ಹಬೆಯ ಮರದ ಕೋಣೆಯಿತ್ತು. ಆಯಾಸ ಹೋಗುತ್ತದೆ ಬನ್ನಿ ಅಂತ ಕರೆದರು. ಹೆಂಗಸರದೇ ಬೇರೆ ಅಂದದ್ದಕ್ಕೆ ಧೈರ್ಯ ಮಾಡಿ ನಾಗರತ್ನಕ್ಕನ ನೈಟಿ ಹಾಕಿಕೊಂಡು ಬಾಗಿಲು ತೆಗೆದೆ. ಒಳಗೆ ನನ್ನ ವಯಸ್ಸಿನವರು, ನನಗಿಂತ ಹಿರಿಯರು, ಎಲ್ಲರೂ ಹುಟ್ಟಿದ ಹಾಗೇ ಕೂತು ಬೆವರುತ್ತಿದ್ದರು. ನನ್ನ ನೈಟಿಯನ್ನು ನೋಡಿ ಒಬ್ಬರು ಸರಿದು ಜಾಗ ಕೊಟ್ಟರು, ಅಷ್ಟೇ.

ಮೊದಲು ನೆಲ ನೋಡಿದೆ. ಆಮೇಲೆ ಮೆಲ್ಲಗೆ ಕಣ್ಣೆತ್ತಿದೆ. ಎಪ್ಪತ್ತು ದಾಟಿದ ಮೈಗಳು ಜೋತಿದ್ದವು, ಸುಕ್ಕಾಗಿದ್ದವು, ಕೆಲವಕ್ಕೆ ಆಪರೇಷನ್ನಿನ ಗೆರೆಗಳಿದ್ದವು. ಆದರೆ ಭುಜದ ಮೇಲೆ ತಗ್ಗು ಯಾರಿಗೂ ಕಾಣಲಿಲ್ಲ. ಮತ್ತೆ ಮತ್ತೆ ನೋಡಿದೆ. ಹೆಂಗಸರಿಗೆ ವಯಸ್ಸಾದ ಮೇಲೆ ಭುಜದಲ್ಲಿ ಆ ತಗ್ಗು ಬೀಳುವುದು, ಕೂದಲು ನೆರೆತ ಹಾಗೆ, ತಾನಾಗಿಯೇ ಆಗುತ್ತದೆ ಅಂತ ನಾನು ತಿಳಿದುಕೊಂಡಿದ್ದೆ. ಅವ್ವನಿಗಿತ್ತು, ಅಕ್ಕನಿಗಿದೆ, ನನಗೂ ಬರುತ್ತಿದೆ.

ಮನೆಯಲ್ಲಿ ನಾವು ಬಾಡಿ ಒಗೆದರೆ ಲಂಗದ ಕೆಳಗೆ, ಟವೆಲಿನ ಮರೆಯಲ್ಲಿ ಒಣಹಾಕುತ್ತೇವೆ. ಬಿಸಿಲು ಕಾಣದೆ ಅವು ಯಾವಾಗಲೂ ಅರೆಹಸಿ. ಆ ಹಬೆಯಲ್ಲಿ ಕೂತು ಅದೆಲ್ಲ ನೆನಪಾಯಿತು.

ಅಂಗಡಿ

ಮರುದಿನವೂ ಪೆಟ್ಟಿಗೆಯ ಸುದ್ದಿಯಿಲ್ಲ. ನಾಗರತ್ನಕ್ಕ ನನ್ನನ್ನು ಎಳೆದುಕೊಂಡು ಪೇಟೆಬೀದಿಯ ಒಂದು ಅಂಗಡಿಗೆ ಹೋದರು. ಒಳಗೆ ಬರೀ ಬಾಡಿಗಳು, ಹಣ್ಣಿನಂಗಡಿಯ ಹಾಗೆ ರಾಶಿಗೆ ಒಂದೊಂದು ಬಣ್ಣ. ಐಲಾ ಅನ್ನುವ ಒಬ್ಬ ಹೆಂಗಸು ಬಂದು ನನ್ನ ನಂಬರು ಕೇಳಿದರು. ಬಜಾರಿನ ಯಜಮಾನರು ನನಗೆ ಹೇಳುತ್ತಿದ್ದ ನಂಬರನ್ನೇ ಹೇಳಿದೆ. ಆಕೆ ತಲೆ ಅಲ್ಲಾಡಿಸಿ, ಪರದೆ ಎಳೆದು, ಟೇಪು ತೆಗೆದರು.

ಮದುವೆಯಾಗಿ, ಮಗಳನ್ನು ಹೆತ್ತು, ಇಷ್ಟು ವಯಸ್ಸಾದ ಮೇಲೆ ನನ್ನ ಮೈಯನ್ನು ಅಳೆದವರು ಅವರೇ ಮೊದಲು. ಕಚಗುಳಿಯಾಗಿ ನಗು ತಡೆಯಲಾಗಲಿಲ್ಲ. ಅವರು ನಗಲೂ ಇಲ್ಲ, ಬೈಯಲೂ ಇಲ್ಲ, ನನ್ನ ನಗು ಮುಗಿಯುವವರೆಗೆ ಟೇಪು ಹಿಡಿದು ಕಾದರು. ನಾನು ಹಾಕುತ್ತಿದ್ದುದರ ಸುತ್ತಳತೆ ದೊಡ್ಡದು, ಬಟ್ಟಲು ಚಿಕ್ಕದು, ಹಾಗಾಗಿ ಭಾರವೆಲ್ಲ ಭುಜದ ಪಟ್ಟಿಯ ಮೇಲೆ ಬೀಳುತ್ತಿತ್ತು ಅಂತ ನಾಗರತ್ನಕ್ಕನ ಮೂಲಕ ತಿಳಿಯಿತು. ಓಡುವುದಕ್ಕೆಂದೇ ಮಾಡಿದ ಒಂದನ್ನು ತಂದು ಹಾಕಿಸಿ, ಜಿಗಿ ಅಂತ ಕೈಸನ್ನೆ ಮಾಡಿದರು. ಜಿಗಿದೆ. ಏನೂ ಅಲ್ಲಾಡಲಿಲ್ಲ, ಏನೂ ಕೊರೆಯಲಿಲ್ಲ. ಇನ್ನೊಂದು ಸಲ ಜಿಗಿದೆ. ಕನ್ನಡಿಯಲ್ಲಿ ಐವತ್ತು ದಾಟಿದ ಒಬ್ಬ ಹೆಂಗಸು ಜಿಗಿಯುತ್ತಾ ಅಳುತ್ತಿದ್ದಳು.

ಅತ್ತದ್ದು ಅಕ್ಕನಿಗಾಗಿ. ನಮ್ಮೂರು ರಾಮಗಿರಿಯ ಹತ್ತಿರದ ಒಂದು ಹಳ್ಳಿ. ಸ್ಟೇಷನ್ನಿನಿಂದ ರೈಲು ಹೊರಡುವಾಗ ಅಕ್ಕ ಅದರ ಜೊತೆ ಪ್ಲಾಟ್‌ಫಾರ್ಮಿನುದ್ದಕ್ಕೂ ಓಡುತ್ತಿದ್ದಳು, ರೈಲು ವೇಗ ಹಿಡಿಯುವವರೆಗೂ ಅವಳೇ ಮುಂದೆ. ಓಡುವುದನ್ನು ನಾನು ಕಲಿತದ್ದೇ ಅವಳ ಹಿಂದೆ ಓಡಿ. ಎಂಟನೇ ಕ್ಲಾಸಿಗೆ ಬರುವಷ್ಟರಲ್ಲಿ ಅವಳ ಮೈ ತುಂಬಿತು. ಅವ್ವ ಹಳೆ ಪಂಚೆಯ ತುಂಡನ್ನು ಎದೆಗೆ ಬಿಗಿದು ಕಟ್ಟಿ ಕಳಿಸುತ್ತಿದ್ದಳು. ತಾಲ್ಲೂಕು ಸ್ಪೋರ್ಟ್ಸಿನಲ್ಲಿ ಅರ್ಧ ದಾರಿಯಲ್ಲಿ ಆ ಕಟ್ಟು ಬಿಚ್ಚಿಹೋಯಿತು. ಎರಡೂ ಕೈಯಲ್ಲಿ ಎದೆ ಮುಚ್ಚಿಕೊಂಡು ಅಕ್ಕ ಅಲ್ಲೇ ನಿಂತುಬಿಟ್ಟಳು. ಗೆರೆಯಾಚೆ ನಿಂತವರು ನಕ್ಕರು. ಅಲ್ಲಿಗೆ ಅವಳ ಓಟ ಮುಗಿಯಿತು. ನಾನು ತೆಳ್ಳಗಿದ್ದೆ, ನನ್ನ ಓಟ ಮುಂದುವರಿಯಿತು, ಅಷ್ಟೇ ನಮ್ಮಿಬ್ಬರ ವ್ಯತ್ಯಾಸ. ಒಂದು ಸರಿಯಾದ ಬಾಡಿ ಇದ್ದಿದ್ದರೆ ಇಲ್ಲಿಗೆ ಬರಬೇಕಾದವಳು ಅವಳು.

ಕಣ್ಣೊರೆಸಿಕೊಂಡು ರೇಷ್ಮೆ ಬ್ಲೌಸನ್ನು ಕೌಂಟರಿನ ಮೇಲೆ ಹರಡಿದೆ. ಐಲಾ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಬಟ್ಟೆಯನ್ನು ಅಳೆದರೆ ಮೈ ಹೇಗೆ ಗೊತ್ತಾಗುತ್ತದೆ, ಅಕ್ಕನೇ ಟೇಪಿನಲ್ಲಿ ಅಳೆದು ಹೇಳಲಿ ಅಂದರು. ಅಲ್ಲಿಂದಲೇ ಫೋನು ಹಚ್ಚಿದೆ.

“ನಾನೇ ಅಳಕಳ್ಳದಾ?” ಅಕ್ಕನ ದನಿ ಕೆಳಗಿಳಿಯಿತು. “ಮನ್ಯಾಗೆ ಬೀಗರು ಬಂದವ್ರೆ ಕಣೇ. ಜಂಪರು ಕೊಟ್ಟೀನಲ್ಲ, ಅದ್ರ ಅಳತೆಗೇ ತಗಂಬಾ.”

“ಇದು ನಿಂಗೆ ಸರಿ ಆಗುತ್ತೆ ತಾನೇ?”

“ಅಳತೆ ಜಂಪರು ಅಂದ್ಮ್ಯಾಲೆ ಮುಗೀತಲ್ಲ. ಫೋನಿಡು.”

ನನಗೂ ಅದು ಸರಿಯೆನಿಸಿತು. ನಮ್ಮ ಟೈಲರುಗಳು ತಲೆಮಾರಿನಿಂದ ಹೀಗೇ ಹೊಲಿಯುತ್ತಾರೆ, ತಪ್ಪುವುದಿಲ್ಲ ಅಂತ ನಾಗರತ್ನಕ್ಕನ ಕೈಯಲ್ಲಿ ಹೆಮ್ಮೆಯಿಂದ ಹೇಳಿಸಿದೆ. ಐಲಾ ಭುಜ ಕುಣಿಸಿ, ಬ್ಲೌಸಿನ ಒಳಮೈ ಅಳೆದು, ಆ ಅಳತೆಗೆ ಒಪ್ಪುವ ಎರಡನ್ನು ತೆಳು ಕಾಗದದಲ್ಲಿ ಸುತ್ತಿ ಕೊಟ್ಟರು. ಪೇಪರಿನಲ್ಲಿ ಮುಚ್ಚಿ ಕೊಡಿ ಅಂತ ನಾನು ಕೇಳಲಿಲ್ಲ.

ಟ್ರ್ಯಾಕು

ಓಟದ ಬಗ್ಗೆ ಹೇಳಲು ಹೆಚ್ಚಿಲ್ಲ. ಐಲಾ ಕೊಟ್ಟ ಹೊಸ ಬಾಡಿ, ಮೇಲೆ ನಾಗರತ್ನಕ್ಕನ ಟಿ-ಶರ್ಟು ಹಾಕಿಕೊಂಡು ಓಡಿ ಕೊನೆಯಿಂದ ಎರಡನೆಯವಳಾದೆ. ಗೆದ್ದಾಕೆ ನನಗಿಂತ ದೊಡ್ಡವಳು, ಕಾಲು ಜಿರಾಫೆಯದು. ಆದರೆ ಮೊದಲ ತಿರುವು ದಾಟಿದಾಗ ಎದೆ ತುಂಬ ಉಸಿರು ಬಂತು. ಪಕ್ಕದಲ್ಲಿ ಸರೋವರ ಹೊಳೆಯುತ್ತಿತ್ತು, ನಾನು ಅದನ್ನು ನೋಡಿದೆ. ಮೊದಲೆಲ್ಲ ಓಡುವಾಗ ಗೆರೆಯಾಚೆ ಯಾರು ನೋಡುತ್ತಿದ್ದಾರೆ ಅನ್ನುವುದನ್ನು ಬಿಟ್ಟು ಬೇರೇನನ್ನೂ ನೋಡಿದವಳಲ್ಲ. ನಮ್ಮ ಶಾಲೆಯಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿಯರು ಒಬ್ಬೊಬ್ಬರಾಗಿ ಹೊಟ್ಟೆನೋವು ಅಂತ ಹೇಳಿ ಬೇವಿನ ಮರದ ಕಟ್ಟೆಯ ಮೇಲೆ ಕೂರತೊಡಗುತ್ತಾರೆ. ಓಡುತ್ತಿದ್ದ ಹಾಗೇ ಆ ಕಟ್ಟೆ ನೆನಪಾಯಿತು. ಮುಗಿಸಿದಾಗ ನನಗಾದದ್ದು ಸಂತೋಷವೇ, ಆದರೆ ಅದು ಬಹಳ ತಡವಾಗಿ ಬಂದ ಸಂತೋಷ.

ನಾಗರತ್ನಕ್ಕ ಪೂರ್ತಿ ಓಟವನ್ನು ಫೋನಿನಲ್ಲಿ ಹಿಡಿದಿದ್ದರು. ನನ್ನ ಪೆಟ್ಟಿಗೆ ಅವತ್ತು ಸಂಜೆ ಬಂತು.

ಮತ್ತೆ ಹೊಸದುರ್ಗ

ಊರಿಗೆ ಬಂದ ಮೇಲೆ ಮೊದಲು ಹೋದದ್ದು ಅಕ್ಕನ ಮನೆಗೆ. ಅಕ್ಕ ಕೋಣೆಯ ಚಿಲಕ ಹಾಕಿ, ತೆಳು ಕಾಗದ ಹರಿಯದ ಹಾಗೆ ಬಿಡಿಸಿ, ಬಟ್ಟೆಯನ್ನು ಕೆನ್ನೆಗೆ ಒತ್ತಿ ನೋಡಿದಳು. “ಬೆಣ್ಣಿ ಇದ್ದಂಗೈತೆ,” ಅಂದಳು. ಆಮೇಲೆ ನನಗೆ ಬೆನ್ನು ಮಾಡಿ ಹಾಕಿಕೊಳ್ಳಲು ಹೊರಟಳು. ಹಿಂದಿನ ಕೊಕ್ಕೆಗಳು ಒಂದನ್ನೊಂದು ಮುಟ್ಟಲಿಲ್ಲ. ನಾನೂ ಹಿಡಿದು ಎಳೆದೆ. ಎರಡನೆಯದೂ ಅಷ್ಟೇ.

“ಅಳತೆ ಸರಿಯಾಗೇ ತಗಂಡಿದ್ದೆ ಅಕ್ಕ. ಜಂಪರು ಒಳಗೆಲ್ಲ ಟೇಪಿಟ್ಟು ನೋಡಿದ್ರು.”

ಅಕ್ಕ ಮಂಚದ ಮೇಲೆ ಕೂತಳು.

“ಅದು ನಂಗೆ ಯಾವತ್ತೂ ಆಗ್ಲಿಲ್ಲ ಕಣೇ,” ಅಂದಳು. “ಮಗನ ಮದ್ವಿಗೆ ಹೊಲ್ಸಿದ್ದು. ಬಿಗಿಯಾತು. ಮೇಲಿನ ಹುಕ್ಕು ಬಿಟ್ಟು ಸೆರಗು ಹೊದ್ಕಂಡು ಹೆಂಗೋ ಕಳದೆ. ಆಮೇಲೆ ಮುಟ್ಟಿಲ್ಲ.”

“ಮತ್ತೆ ಅದನ್ನ ಯಾಕೆ ಕೊಟ್ಟೆ?”

“ಇನ್ಯಾವ್ದು ಕೊಡ್ಲಿ? ದಿನಾ ಹಾಕ್ಕಳವು ಎಲ್ಲ ಕಂಕುಳಾಗೆ ಬಣ್ಣ ಹೋಗಿ, ತ್ಯಾಪೆ ಬಿದ್ದಾವೆ. ಅಂಥದ್ದನ್ನ ಪರದೇಶದೋರ ಮುಂದೆ ಹರವಿದ್ರೆ ನಿನ್ ಮರ್ವಾದಿ ಏನಾಗ್ಬೇಕು? ಇದ್ದದ್ರಾಗೆ ಹೊಸಾದು ಇದೊಂದೇ ಇತ್ತು.”

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಮೈಗೆ ಆಗದ್ದರಿಂದಲೇ ಹೊಸದಾಗಿ ಉಳಿದ ಬ್ಲೌಸು ಅದು. ನನ್ನ ಮರ್ಯಾದೆ ಉಳಿಸಲು ಅಕ್ಕ ಅದನ್ನು ಆರಿಸಿ, ಇಸ್ತ್ರಿ ಮಾಡಿಸಿ ಕಳಿಸಿದ್ದಳು. ಇಬ್ಬರೂ ಮಂಚದ ಮೇಲೆ ಕೂತು ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆವು. ನಗುವಿನ ಮಧ್ಯೆಯೇ ಅಕ್ಕನ ಕಣ್ಣು ತುಂಬಿತು. “ಎಷ್ಟು ದೂರದಿಂದ ತಂದ್ಯಲ್ಲೇ,” ಅಂತ ಮತ್ತೆ ಮತ್ತೆ ಅದನ್ನೇ ಹೇಳಿದಳು. ಆ ಬ್ಲೌಸಿಗೂ ಆ ಬಾಡಿಗಳಿಗೂ ಹೇಳಿ ಮಾಡಿಸಿದ ಜೋಡಿ. ಈಗ ಅವು ಒಟ್ಟಿಗೆ ಟ್ರಂಕಿನಲ್ಲಿವೆ. ಯಾರಿಗೂ ಕೊಡಲು ಅಕ್ಕನಿಗೆ ಮನಸ್ಸು ಬಂದಿಲ್ಲ.

ಮುಂದಿನ ಭಾನುವಾರ ಶಾಲೆಯಿಂದ ಲಾಂಗ್ ಜಂಪ್ ಅಳೆಯುವ ಟೇಪು ತಂದೆ. ಮನೆಯಲ್ಲಿ ಬೇರೆ ಟೇಪಿರಲಿಲ್ಲ. “ಇಷ್ಟುದ್ದದ್ದು ತಂದೀಯಲ್ಲ, ನಾನೇನು ಅಷ್ಟು ದಪ್ಪ ಇದೀನಾ?” ಅಂದಳು ಅಕ್ಕ. ಐಲಾ ನನಗೆ ಮಾಡಿದ ಹಾಗೇ ಎದೆಯ ಕೆಳಗೆ ಒಂದು ಸುತ್ತು, ಮೇಲೆ ಒಂದು ಸುತ್ತು ಹಿಡಿದೆ. ಅಕ್ಕ ಕಣ್ಣು ಮುಚ್ಚಿಕೊಂಡು ಶಿಲೆಯಂತೆ ನಿಂತಿದ್ದಳು. ಅವಳ ಭುಜದ ತಗ್ಗಿನಲ್ಲಿ ನನ್ನ ಹೆಬ್ಬೆರಳು ಕೂತಿತು. ಫೋನಿನಲ್ಲಿ ತರಿಸಿದೆ, ನನ್ನ ಮನೆಯ ವಿಳಾಸಕ್ಕೆ. ಮೊದಲು ಬಂದದ್ದು ಸಡಿಲವಾಯಿತು, ಎರಡನೆಯದು ಸರಿಯಾಗಿ ಕೂತಿತು. ಅಕ್ಕ ಕೈ ಮೇಲೆತ್ತಿ, ಇಳಿಸಿ, ತಿರುಗಿ, “ಹಾಕ್ಕಂಡಂಗೇ ಇಲ್ಲ,” ಅಂದಳು.

ರಾಮಗಿರಿ

ಆಮೇಲೆ ಒಂದು ಸೋಮವಾರ ಬೆಟ್ಟದ ದೇವರಿಗೆ ಹೋಗಿಬರೋಣ ಅಂತ ಅಕ್ಕನೇ ಹೊರಡಿಸಿದಳು. ಬೆಟ್ಟ ಇಳಿದ ಮೇಲೆ ಸ್ಟೇಷನ್ನಿನ ಬೆಂಚಿನಲ್ಲಿ ಕೂತು ಮಂಡಕ್ಕಿ ತಿಂದೆವು. ನನ್ನ ಓಟದ ವಿಡಿಯೋ ಅವಳು ಇನ್ನೂ ನೋಡಿರಲಿಲ್ಲ. ತೋರಿಸಿದೆ. ಕನ್ನಡಕ ಏರಿಸಿಕೊಂಡು ಕೊನೆಯವರೆಗೂ ನೋಡಿದಳು, ಮತ್ತೊಂದು ಸಲ ಹಾಕಿಸಿದಳು.

“ಎಡಗೈ ಯಾಕೆ ಬೀಸಿಲ್ಲ ನೀನು?”

“ಬೀಸಿದೀನಲ್ಲ.”

“ನೋಡು.”

ನೋಡಿದೆ. ಬಲಗೈ ಹಿಂದೆ ಮುಂದೆ ಹೋಗುತ್ತಿತ್ತು. ಎಡ ಮೊಣಕೈ ಮಾತ್ರ ಪಕ್ಕೆಗೆ ಅಂಟಿಕೊಂಡು ಎದೆಯನ್ನು ಒತ್ತಿ ಹಿಡಿದಿತ್ತು, ಮೊದಲಿಂದ ಕೊನೆಯವರೆಗೂ. ಅಷ್ಟು ಹಗುರಾಗಿ ಓಡಿದೆ ಅಂದುಕೊಂಡಿದ್ದೆ. ಅಲ್ಲಿ ಹಿಡಿದುಕೊಳ್ಳಬೇಕಾದದ್ದು ಏನೂ ಇರಲಿಲ್ಲ, ಆದರೆ ಕೈಗೆ ಅದನ್ನು ಯಾರೂ ಹೇಳಿರಲಿಲ್ಲ.

ಅಷ್ಟರಲ್ಲಿ ಬಂದು ನಿಂತಿದ್ದ ರೈಲು ಕೂಗು ಹಾಕಿ ಹೊರಟಿತು. ಅಕ್ಕ ಎದ್ದಳು. ಏನೋ ನೋಡಲು ಎದ್ದಿರಬೇಕು ಅಂದುಕೊಂಡೆ. ಅವಳು ರೈಲಿನ ಜೊತೆ ನಡೆಯತೊಡಗಿದಳು, ಆಮೇಲೆ ಬಿರುಸಾಗಿ ನಡೆದಳು, ಆಮೇಲೆ ಅರವತ್ತರ ಹತ್ತಿರದ ನಮ್ಮಕ್ಕ ಸೀರೆ ಎತ್ತಿ ಹಿಡಿದು ಹತ್ತು ಹೆಜ್ಜೆ ಓಡಿದಳು. ಎದೆ ಮರೆಸಿ ಮರೆಸಿ ಬಾಗಿದ ಬೆನ್ನು ಬಾಗಿಯೇ ಇತ್ತು. ಒಂದು ಕೈಯಲ್ಲಿ ನಿರಿಗೆ, ಇನ್ನೊಂದು ಕೈ ಎದೆಗೆ ಅಡ್ಡ.

“ಅಕ್ಕಾ, ಕೈ ಬಿಡು,” ಅಂತ ಕೂಗಿದೆ. “ಬಿದ್ದೋಗಲ್ಲ, ಬಿಡು.”

ಅವಳು ಕೈ ತೆಗೆದಳು. ಎರಡು ಹೆಜ್ಜೆ ಹಾಕುವಷ್ಟರಲ್ಲಿ ಅದು ಮತ್ತೆ ಅಲ್ಲೇ ಹೋಗಿ ಕೂತಿತು. ರೈಲಿನ ಕೊನೆಯ ಡಬ್ಬಿ ಅವಳನ್ನು ದಾಟಿಹೋಯಿತು. ಏದುಸಿರು ಬಿಡುತ್ತಾ ವಾಪಸ್ ಬಂದು ನನ್ನ ಪಕ್ಕ ಕೂತಾಗಲೂ ಕೈ ಇಳಿದಿರಲಿಲ್ಲ.

“ಬರಲ್ಲ ಕಣೇ ಇದು,” ಅಂತ ತನ್ನ ಕೈಯನ್ನೇ ನೋಡಿಕೊಂಡು ಅಂದಳು. “ನಿಂದೇ ಬರ್ಲಿಲ್ಲ.”

ನಾನು ಆ ಕೈಯನ್ನು ತೆಗೆದು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ, ಬಸ್ಸಿಗೆ ಹೊತ್ತಾಗುವವರೆಗೂ ಬಿಡಲಿಲ್ಲ.